ಬಿಸಿನೆಸ್ ಮಾಡುವವರ ಕ್ಲಾಸು

ನನ್ನ ಸೋದರಮಾವನಿಗೆ ಕೂರುವುದಕ್ಕೇ ಬರುವುದಿಲ್ಲ. ನಗಬೇಡಿ! ನಿಲ್ಲಲು ಬರುತ್ತದೆ, ಓಡಲು ಬರುತ್ತದೆ, ಎರಡು ಕೈಯಲ್ಲಿ ಆರು ತಟ್ಟೆ ಹಿಡಿದು ಮೇಜುಗಳ ನಡುವೆ ನುಸುಳಲು ಬರುತ್ತದೆ. ಕೂರಲು ಮಾತ್ರ ಬರುವುದಿಲ್ಲ. ಇಂಥ ಮನುಷ್ಯ ಲೋಕದಲ್ಲೇ ಅತಿ ಸುಖದ ಕುರ್ಚಿಯಲ್ಲಿ ಕೂತು ವಿದೇಶಕ್ಕೆ ಹೋಗಬೇಕೆಂದು ಹಟ ಹಿಡಿದರೆ ಊರವರು ಏನನ್ನಬೇಕು?

ಕುಂದಾಪುರದ ಹತ್ತಿರ ತೆಕ್ಕಟ್ಟೆಯಲ್ಲಿ ಹೆದ್ದಾರಿಯ ಪಕ್ಕದಲ್ಲೇ ಅವರ ಮೀನೂಟದ ಹೋಟೆಲು. ಒಳಗೆ ಮಾಯಿ ಬೇಯಿಸುವುದು, ಹೊರಗೆ ಮಾವ ಬಡಿಸುವುದು. ಮಾಯಿ ಎಂದರೆ ಮಾವನ ಹೆಂಡತಿ; ನಮ್ಮ ಕಡೆ ಅತ್ತೆಗೆ ಹಾಗೆನ್ನುತ್ತೇವೆ. ಇಬ್ಬರೇ ಇರುವ ಸಂಸಾರ. ಮಾವನಿಗೆ ಬಡಿಸುವ ಹುಚ್ಚು ಎಷ್ಟೆಂದರೆ, ವಂಡ್ಸೆಯ ಒಂದು ಮದುವೆಯಲ್ಲಿ ಊಟದ ಪಂಕ್ತಿಗೆ ಕೂತ ಮಾವ ಎರಡೇ ನಿಮಿಷಕ್ಕೆ ಎದ್ದು, ಬಡಿಸುವವನ ಕೈಯಿಂದ ಸಾಂಬಾರಿನ ಬಕೆಟ್ ಕಿತ್ತುಕೊಂಡು ಇಡೀ ಸಾಲಿಗೆ ಬಡಿಸಿಬಿಟ್ಟರು. ಊಟ ಮುಗಿದ ಮೇಲೆ ಅಡುಗೆಯ ಗುತ್ತಿಗೆದಾರ ಹತ್ತಿರ ಬಂದು ಕೇಳಿದನಂತೆ: "ಹ್ವಾಯ್, ನಾಳೆ ಬೈಂದೂರಗೊಂದ್ ಮದಿ ಇತ್ತ್. ಬತ್ರ್ಯಾ?"

ಜಪಾನಿನ ವಿಷಯ ಅವರ ತಲೆಗೆ ಹೊಕ್ಕದ್ದು ಒಬ್ಬ ಗಿರಾಕಿಯಿಂದ. ಅಲ್ಲಿಯವರು ಮೀನನ್ನು ಹಸಿಯಾಗಿಯೇ ತಿನ್ನುತ್ತಾರೆ ಎಂದು ಆ ಪುಣ್ಯಾತ್ಮ ಹೇಳಿದ. ಮಾವ ನಂಬಲಿಲ್ಲ. "ಸುಳ್ಳ್! ನಾನೇ ಹೋಯಿ ಕಾಂತೆ" ಎಂದರು; ಕಣ್ಣಾರೆ ಕಂಡೇ ಬರುವವರಂತೆ. ಹೇಳಿದ ಕೂಡಲೇ ಹೊರಡುವುದೇನು ಸುಲಭವೇ? ಹೆದ್ದಾರಿ ಅಗಲವಾಗುವಾಗ ಹೋಟೆಲಿನ ಮುಂಭಾಗ ಹೋಯಿತು, ಕಟ್ಟಿಸಿದರು. ಕಟ್ಟಿಸಿ ಮುಗಿಯುವಾಗ ಕೊರೋನಾ ಬಂತು. ಅದು ಹೋಯಿತು ಎನ್ನುವಾಗ ಮಾಯಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ವರ್ಷಗಳು ಕಳೆದರೂ ಮಾವನ ಪ್ರಯಾಣ ಮುಂದೆ ಹೋಯಿತೇ ಹೊರತು ಪಟ್ಟು ಸಡಿಲಲಿಲ್ಲ. ಹೋದರೆ ಬಿಸಿನೆಸ್ ಕ್ಲಾಸಿನಲ್ಲಿ, ಇಲ್ಲವಾದರೆ ಇಲ್ಲ!

ಟಿಕೆಟ್ ಮಾಡಿಸಲು ಕುಂದಾಪುರಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಏಜೆಂಟ್ ಒಳ್ಳೆಯವ, ಬುದ್ಧಿ ಹೇಳಿದ.

"ಮಾವ, ಈ ಎರಡ್ ಟಿಕೆಟ್ ಬದ್ಲ್ ಹಿಂದ್ ಬದಿ ಸೀಟ್ ತಕಂಡ್ರೆ ಆರ್ ಜನ ಹೋಯ್ಲಕ್."

"ಆರ್ ಜನ ನಂಗ್ ಎಂತಕೆ? ನಾವಿಪ್ಪುದೇ ಇಬ್ರ್!"

"ಆದ್ರೂ ಬಿಸ್ನೆಸ್ ಕ್ಲಾಸ್ ಎಂತಕೆ ಮಾವ?"

"ನಾನ್ ಮಾಡುದ್ ಎಂತ? ಬಿಸ್ನೆಸ್ ಅಲ್ದಾ? ಮತ್ತೆ ಬೇರೆ ಯಾವ್ ಕ್ಲಾಸಗೆ ಕೂಕಣ್ಕ್ ನಾನ್?"

ಏಜೆಂಟ್ ನಗುತ್ತ ಎರಡು ಟಿಕೆಟ್ ಬರೆದುಕೊಂಡ. ಇಂಗ್ಲಿಷ್ ಬರುವವನೊಬ್ಬ ಜೊತೆಗೆ ಬೇಕೆಂದು ನನಗೂ ಒಂದು ಟಿಕೆಟ್ ಎಂದರು. ನಾನು ಶಾಲೆಯಲ್ಲಿ ಇಂಗ್ಲಿಷ್ ಮಾಷ್ಟ್ರು. ಖುಷಿಯಿಂದ ಉಬ್ಬುತ್ತಿರುವಾಗಲೇ ಮಾವ ನನ್ನ ಕಡೆ ತಿರುಗಿದರು. "ನಿಂದ್ ಬಿಸ್ನೆಸ್ ಅಲ್ಲ ಮಗಾ, ನೌಕ್ರಿ. ನೀನ್ ಹಿಂದ್ ಬದಿಗ್ ಕೂಕೋ."

ಅಲ್ಲಿಂದ ಶುರುವಾಯಿತು ತಾಲೀಮು. ದಿನಾ ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಂದು ಗಂಟೆ ಅಲ್ಲಾಡದೆ ಕೂರುವುದು. ಐದು ನಿಮಿಷ ಕಳೆಯುವುದರೊಳಗೆ ಯಾರದೋ ಲೋಟದಲ್ಲಿ ನೀರು ಮುಗಿದದ್ದು ಇವರ ಕಣ್ಣಿಗೇ ಬೀಳಬೇಕೇ? ಎದ್ದರು! ಒಳಗಿನಿಂದ ಮಾಯಿಯ ಕೂಗು: "ಹ್ವಾಯ್, ವಿಮಾನ ಹಾರುಕ್ ಮುಂಚೆ ಇಳ್ದ್ರ್ಯಾ?"

ಅಂತೂ ಹೊರಟೆವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ದೊಡ್ಡ ಟಿಕೆಟಿನವರಿಗೆಂದೇ ಒಂದು ಕೋಣೆ ಇದೆ. ನನ್ನಂಥ ನೌಕರರಿಗೆ ಪ್ರವೇಶವಿಲ್ಲ. ಗಾಜಿನ ಹೊರಗಿನಿಂದ ನೋಡುತ್ತೇನೆ, ಬಿಳಿ ಅಂಗಿ, ಕಪ್ಪು ಪ್ಯಾಂಟಿನ ಮಾವ ಮೇಜಿನಿಂದ ಮೇಜಿಗೆ ಹೋಗಿ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಾರೆ! ಒಬ್ಬ ವಿದೇಶಿ ಅವರನ್ನು ಕರೆದು ಏನೋ ಹೇಳಿದ. ಮಾವ ಹೋಗಿ ಕಾಫಿ ತಂದಿಟ್ಟರು. ಆತ ಕೈಯೆತ್ತಿ ಧನ್ಯವಾದ ಹೇಳಿದ. ಹೊರಬಂದ ಮೇಲೆ ಕೇಳಿದೆ: "ಅವ ಹೇಳದ್ ನಿಮ್ಗ್ ಹ್ಯಾಂಗ್ ಗೊತ್ತಾಯ್ತ್ ಮಾವ?"

"ಗಿರಾಕಿ ಮುಖ ಕಂಡ್ರೆ ಸಾಕ್ ಮಗಾ. ಅವಂಗೆ ಸಕ್ರಿ ಕಾಯ್ಲಿ, ಸಕ್ರಿ ಬ್ಯಾಡ!"

ವಿಮಾನ ಏರಿದೆವು. ಅವರಿಬ್ಬರು ಪರದೆಯ ಮುಂದೆ, ನಾನು ಪರದೆಯ ಹಿಂದೆ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು. ಒಂದು ಗಂಟೆ ಕಳೆದಿರಬಹುದು. ಗಗನಸಖಿಯೊಬ್ಬಳು ಬಂದು ಬಗ್ಗಿ, ದಯವಿಟ್ಟು ಒಮ್ಮೆ ಮುಂದೆ ಬರುತ್ತೀರಾ, ನಿಮ್ಮ ಮಾವ ಏನೋ ಹೇಳುತ್ತಿದ್ದಾರೆ, ನಮಗೆ ತಿಳಿಯುತ್ತಿಲ್ಲ ಎಂದಳು. ಗಡಬಡಿಸಿ ಎದ್ದೆ. ಸಾಂಬಾರಿನ ಬಕೆಟ್ ಕಿತ್ತುಕೊಂಡರೋ ಏನೋ!

ಹೋಗಿ ನೋಡಿದರೆ, ಮಾವ ಸೀಟಿನಲ್ಲೇ ಇದ್ದರು. ಎದುರಿಗೆ ಬಿಳಿ ಬಟ್ಟೆ ಹಾಸಿದ ಪುಟ್ಟ ಮೇಜು. ಇನ್ನೊಬ್ಬ ಗಗನಸಖಿ ಅವರಿಗೆ ಊಟ ಇಡಲು ಬಂದರೆ ಎರಡೂ ಕೈ ಅಡ್ಡ ಹಿಡಿದು "ನೋ, ನೋ" ಎನ್ನುತ್ತ ಪಕ್ಕದ ಮಾಯಿಯ ಕಡೆ ತೋರಿಸುತ್ತಿದ್ದಾರೆ.

"ಎಂತ ಆಯ್ತ್ ಮಾವ?"

"ಹೇಳ್ ಮಗಾ ಇವ್ರಿಗೆ. ಫಸ್ಟ್ ಅವ್ಳಿಗೆ ಬಡ್ಸ್ಕ್. ಅವ್ಳ್ ಉಂಡ್ ಕೈ ತೊಳ್ದ್ ಮೇಲೆ ನಂಗೆ."

"ಇಬ್ರಿಗೂ ಒಟ್ಟಿಗೇ ಕೊಡ್ತ್ರ್ ಮಾವ. ಹಟ ಎಂತಕೆ?"

ಮಾವ ಮಾಯಿಗೆ ಕೇಳಿಸದಂತೆ ನನ್ನ ಕಿವಿ ಹತ್ತಿರ ಎಳೆದುಕೊಂಡರು. "ಮೂವತ್ತೈದ್ ವರ್ಷ ಆಯ್ತ್ ಹೋಟ್ಲ್ ಹಾಕಿ. ಗಿರಾಕಿ ಎಲ್ಲ ಹೋದ್ ಮೇಲೆ, ಮೂರ್ ಗಂಟಿಗೆ, ತಣ್ದದ್ದೇ ಉಂಡದ್ ಅವ್ಳ್. ಬಿಸಿ ಇಪ್ಪುದೆಲ್ಲ ನಾನ್ ಊರವ್ರಿಗೆ ಬಡ್ಸ್ದೆ. ಅವ್ಳಿಗೆ ಒಂದ್ ದಿನೂ ಬಡ್ಸ್ಲಿಲ್ಲೆ. ಊರಗೆ ಕೂಕಣ್ ಅಂದ್ರೆ ಒಲಿ ಹತ್ರ ಓಡ್ತ್ಲ್. ಇಲ್ಲಿಂದ ಎಲ್ಲಿಗ್ ಓಡ್ತ್ಲ್? ಹಿಂದ್ ಬದಿಗ್ ಎಲ್ರಿಗೂ ಒಂದೇ ಸಲ ಟ್ರೇ ಇಟ್ ಹೋತ್ರಂಬ್ರ್. ಈ ಕ್ಲಾಸಗೆ ಮಾತ್ರ ಒಬ್ಬೊಬ್ರನ್ ಕೇಂಡ್ ಕೇಂಡ್ ಬಡ್ಸುದಂಬ್ರ್."

ಊಟ ಹಿಡಿದು ನಿಂತಿದ್ದ ಆ ಹುಡುಗಿಗೆ ನಾನು ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಗಲಿಲ್ಲ. ಮಾವನ ತಟ್ಟೆಯನ್ನು ವಾಪಸ್ ಒಯ್ದು, ಮಾಯಿಯ ಎದುರಿಗೆ ಒಂದೊಂದಾಗಿ ಇಟ್ಟಳು. ಹೊಗೆಯಾಡುವ ಅನ್ನ, ಮೀನಿನ ತುಂಡು, ಒಂದು ಬಟ್ಟಲು ಸಾರು.

"ನಿಮ್ಗ್ ಇಲ್ಯಾ?" ಎಂದರು ಮಾಯಿ.

"ನಂದ್ ಆಮೇಲೆ. ನೀನ್ ಉಣ್ಣ್."

ಮಾಯಿ ಚಮಚ ಬದಿಗಿಟ್ಟು ಕೈ ಹಾಕಿದರು. ಬೆರಳು ಸುಟ್ಟಿತೋ ಏನೋ, ತಟಕ್ಕನೆ ಹಿಂದೆಗೆದು ಊದಿಕೊಂಡರು. ಮತ್ತೆ ಕೈ ಹಾಕಿದರು. ಯಾರನ್ನೂ ನೋಡದೆ, ಅವಸರವಿಲ್ಲದೆ ಉಂಡರು. ಮಾವ ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದರು. ತಟ್ಟೆ ಬರಿದಾದ ಮೇಲೆ ಮಾಯಿ ಸಣ್ಣ ಮಗುವಿನಂತೆ ನಾಚಿಕೊಂಡು, ಮಾವನ ಕಡೆ ವಾಲಿ ಮೆಲ್ಲಗೆ ಹೇಳಿದರು:

"ಹ್ವಾಯ್, ಇನ್ನೊಂಚೂರ್ ಸಿಕ್ಕತ್ತಾ ಕೇಣಿ."

ಮಾವ ಎದ್ದೇ ಬಿಡಲು ಹೋದರು, ಎದುರಿನ ಪುಟ್ಟ ಮೇಜು ಬಿಡಲಿಲ್ಲ. ನನ್ನ ಕಡೆ ನೋಡಿದರು. ನಾನು ಆ ಹುಡುಗಿಯ ಕಡೆ ತಿರುಗಿದೆ. ನಮ್ಮ ಮೂವರ ಮುಖವನ್ನೂ ಒಮ್ಮೆ ನೋಡಿದ ಆ ಹುಡುಗಿ, ಏನನ್ನೂ ಕೇಳದೆ ಒಳಗೆ ಹೋಗಿ ಬಿಸಿ ಅನ್ನ ತಂದಳು.