ಒಂದೇ ಮಾತು ಉಳಿದ ಮನುಷ್ಯ

ತಾಳ್ಮೆ ಕೊಡು ಅಂತ ದೇವರನ್ನು ಕೇಳುವ ಮೊದಲು ಎರಡು ಸಲ ಯೋಚಿಸಬೇಕು. ಆತ ತಾಳ್ಮೆಯನ್ನು ಪೊಟ್ಟಣ ಕಟ್ಟಿ ಕೊಡುವುದಿಲ್ಲ, ತಾಳಿಕೊಳ್ಳುವಂಥದ್ದನ್ನು ಕಳಿಸುತ್ತಾನೆ. ನಮ್ಮ ಮನೆಗಂತೂ ಕಳಿಸುತ್ತಲೇ ಇದ್ದಾನೆ.

ನಮ್ಮ ಯಜಮಾನರು ಆದೋನಿಯಲ್ಲಿ ಹತ್ತಿ ಲಾರಿ ಓಡಿಸುತ್ತಿದ್ದರು. ಬಾಯಿ ತೆರೆದರೆ ಬೈಗುಳ. ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಪ್ರಾರ್ಥನೆಗೆ ಕಾಲಿಟ್ಟವರಲ್ಲ. ಭಾನುವಾರ ನಾನು ಚರ್ಚಿನಿಂದ ಬಂದರೆ ಬಾಗಿಲಲ್ಲೇ, ನಾವು ದೇವರಿಗೆ ವಂದನೆ ಹೇಳುವ ಹಾಗೆ ಕೈ ಮೇಲೆತ್ತಿ "ಸ್ತೋತ್ರ!" ಅಂತ ಅಣಕಿಸುತ್ತಿದ್ದರು. ಹೋದ ವರ್ಷ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತೂ ಹೋಯಿತು, ಒಂದನ್ನು ಬಿಟ್ಟು.

ಆಸ್ಪತ್ರೆಯಲ್ಲಿ

ಡಾಕ್ಟರು ಬಗ್ಗಿ ಕೇಳಿದರು, "ಹೆಸರೇನ್ರಿ?"

"ಸ್ತೋತ್ರ."

"ಊರು?"

"ಸ್ತೋತ್ರ."

"ಈಕಿ ಯಾರು, ಗುರ್ತು ಸಿಕ್ತೇನು?"

ನಮ್ಮವರು ನನ್ನನ್ನೇ ನೋಡಿದರು. ಕಣ್ಣಲ್ಲಿ ನೀರು ತುಂಬಿತು. "ಸ್ತೋತ್ರ," ಅಂದರು.

ಮಿದುಳಿನಲ್ಲಿ ಮಾತಿನ ಜಾಗಕ್ಕೇ ಪೆಟ್ಟಾಗಿದೆ, ಕೆಲವರಿಗೆ ಹೀಗೆ ಒಂದೇ ಮಾತು ಉಳಿಯುತ್ತದೆ ಅಂತ ಡಾಕ್ಟರು ಹೇಳಿ ಹೋದರು. ನೋಡಲು ಬಂದ ನಮ್ಮ ಪಾಸ್ಟರಿಗೆ ಮಾತ್ರ ಸಂತೋಷ ತಡೆಯಲಾಗಲಿಲ್ಲ. "ಎಂಥ ಸಾಕ್ಷಿ ಅಕ್ಕಾ! ಈ ಬಾಯಿ ದೇವರನ್ನ ಹೊಗಳ್ಲಿ ಅಂತ ಎಷ್ಟು ವರ್ಷ ಪ್ರಾರ್ಥನಿ ಮಾಡಿದ್ರಿ!"

"ಮಾಡಿದ್ದೆ ಅಯ್ಯಗೋರೆ," ಅಂದೆ. "ಆದ್ರ ಉಳಿದ ಮಾತೆಲ್ಲಾ ಕಿತ್ಕೋ ಅಂತ ಕೇಳಿದ್ದಿಲ್ರಿ."

ಉಪ್ಪಿಲ್ಲದ ಗಂಜಿ

ಉಪ್ಪು ಕಡಿಮೆ ಮಾಡಿ ಅಂದಿದ್ದರು ಡಾಕ್ಟರು. ಮನೆಗೆ ಬಂದ ಮರುದಿನ ಸಪ್ಪನೆ ಗಂಜಿ ಕೊಟ್ಟೆ. ಒಂದು ಗುಟುಕು ಕುಡಿದವರೇ "ಸ್ತೋತ್ರ! ಸ್ತೋತ್ರ! ಸ್ತೋತ್ರ!" ಅಂತ ಕೂಗಿದರು. ಆ ಕೂಗಿನಲ್ಲಿ ಹಳೆಯ ಬೈಗುಳಗಳೆಲ್ಲ ಇದ್ದವು, ತೆಲುಗಿನವೂ ಸೇರಿ.

ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಅಂದಳು, "ಅಕ್ಕಾ, ಅಣ್ಣಾರು ಎಷ್ಟು ಬದಲಾಗ್ಯಾರ! ಮುಂಜಾನೆದ್ದು ದೇವ್ರ ಸ್ಮರಣಿ!"

"ಹೂನವ್ವ," ಅಂದೆ, ಸೀರೆಯ ಮೇಲಿನ ಗಂಜಿ ಒರೆಸಿಕೊಳ್ಳುತ್ತಾ. "ಪ್ರಸಾದ ಈಗ ಮೈಮ್ಯಾಲೆ ಬಿತ್ತು."

ಸ್ನಾನ ಮಾಡಿಸುವಾಗ ಮಾತ್ರ ಅದೇ ಮಾತು ಸಣ್ಣಗೆ, ನಡುಗುತ್ತಾ ಬರುತ್ತಿತ್ತು. ಹೆಂಡತಿಯ ಮುಂದೆ ಕೂಸಿನಂತೆ ಕೂರುವುದು ಆ ಮನುಷ್ಯನಿಗೆ ಸಾವಿಗಿಂತ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸ್ತೋತ್ರ ಅಂದವರಿಗೆ ಏನನ್ನಲಿ? ನೀರು ಹಾಕುತ್ತಾ "ಆಮೆನ್" ಅನ್ನುತ್ತಿದ್ದೆ.

ಎಮ್ಮಿಗನೂರಿನ ಬಸ್ಸು

ಕೈಕಾಲಿಗೆ ವ್ಯಾಯಾಮ ಮಾಡಿಸಲು ಅವರನ್ನು ಎಮ್ಮಿಗನೂರಿಗೆ ಕರೆದೊಯ್ಯುತ್ತಿದ್ದೆ. ಒಂದು ಸಲ ಪಕ್ಕದಲ್ಲಿ ಮಂತ್ರಾಲಯಕ್ಕೆ ಹೊರಟ ಅಜ್ಜಿಯೊಬ್ಬರು ಕೂತರು. "ಗಾಳಿ ಬರ್ತದ, ಕಿಟಕಿ ಹಾಕ್ಲೇನಪ್ಪ?" ಅಂತ ಕೇಳಿದರು.

"ಸ್ತೋತ್ರ," ಅಂದರು ನಮ್ಮವರು.

ಅಜ್ಜಿಯ ಮುಖ ಅರಳಿತು. "ರಾಯರ ಸ್ತೋತ್ರ ಕೇಳ್ಬೇಕೇನು? ಹೇಳ್ತೀನಿ ತಗೋ!"

"ಹಂಗಲ್ರಿ ಅಮ್ಮಾ," ಅಂದೆ. ಅಷ್ಟರಲ್ಲಿ ಅಜ್ಜಿ ಕಣ್ಣು ಮುಚ್ಚಿಯಾಗಿತ್ತು. ಮುಗಿದ ಮೇಲೆ ನಮ್ಮವರು ಸಾಕು ಅಂತ ಎಡಗೈ ಜಾಡಿಸಿ, "ಸ್ತೋತ್ರ!" ಅಂತ ಚೀರಿದರು. ಅಜ್ಜಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಊರು ಬರುವ ತನಕ ಇದೇ ನಡೆಯಿತು.

ಇಳಿಯುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಪುಣ್ಯ ಮಾಡಿದಾಕಿ ನೀನು. ನಮ್ಮನ್ಯಾಗಿದ್ದೋರು ಬಾಯಿ ನೆಟ್ಟಗಿದ್ದಾಗ್ಲೂ ಒಂದಿನ ಹೇಳು ಅನ್ನಲಿಲ್ಲ ನೋಡು."

ಸಾವಿನ ಮನೆ

ಆಸ್ಪರಿ ಕಡೆಯ ಹಳ್ಳಿಯಲ್ಲಿ ನಮ್ಮವರ ಚಿಕ್ಕಪ್ಪನ ಮಗ ತೀರಿಕೊಂಡ. ಕುಡಿದು ಬಂದು ಹೆಂಡತಿಯನ್ನು ಹೊಡೆಯುತ್ತಿದ್ದವನು. ಆಕೆಯ ಮುಂಗೈ ಒಮ್ಮೆ ಮುರಿದು, ಡೊಂಕಾಗಿಯೇ ಕೂಡಿಕೊಂಡಿದೆ. ಊರಿಗೆಲ್ಲ ಗೊತ್ತು.

ನಮ್ಮವರನ್ನು ಕರೆದೊಯ್ಯಲು ಹೆದರಿಕೆ. ಬಿಟ್ಟು ಹೋಗೋಣವೆಂದರೆ ಸೆರಗು ಬಿಡಲಿಲ್ಲ. "ಅಲ್ಲಿ ಬಾಯಿಗೆ ಟವೆಲ್ ಒತ್ತಿಕೊಂಡು ಕೂಡ್ರಬೇಕು, ತೆಗಿಬಾರ್ದು," ಅಂತ ಹೇಳಿಯೇ ಕರೆದೊಯ್ದೆ. ಪಾಪ, ಹಾಗೇ ಕೂತರು.

ಹೆಣದ ಸುತ್ತ ಹೆಂಗಸರು ಅಳುತ್ತಿದ್ದರು. ಸತ್ತವನ ಹೆಂಡತಿ ಮಾತ್ರ ತಲೆಯ ಹತ್ತಿರ ಸುಮ್ಮನೆ ಕೂತಿದ್ದಳು, ಕಣ್ಣಲ್ಲಿ ಒಂದು ಹನಿ ಇಲ್ಲ. ಊರ ಹಿರಿಯರೊಬ್ಬರು ಎದೆ ಬಡಿದುಕೊಂಡು, "ಇಂಥಾ ಬಂಗಾರದಂಥಾ ಮನಷ್ಯಾನ್ನ ಯಾಕ ಕರಕೊಂಡ್ಯೋ ದೇವ್ರೇ!" ಅಂದರು.

ನಮ್ಮವರ ಟವೆಲ್ ಜಾರಿತು.

"ಸ್ತೋತ್ರ!"

ಅಳು ನಿಂತುಹೋಯಿತು. ಎಲ್ಲರೂ ತಿರುಗಿ ನೋಡಿದರು. ಆಕೆ ಮುಖದ ಮೇಲೆ ಸೆರಗು ಎಳೆದುಕೊಂಡಳು, ಭುಜ ಎರಡೂ ಕುಲುಕತೊಡಗಿದವು. ಅಂತೂ ಅತ್ತಳು ಅಂತ ಜನ ಮತ್ತೆ ಅಳಲು ಶುರುಮಾಡಿದರು. ನಾನು ಓಡಿ ಹೋಗಿ ತಬ್ಬಿಕೊಂಡು, "ತಪ್ಪು ತಿಳ್ಕೋಬ್ಯಾಡವ್ವ, ಅವರಿಗೆ ಅದೊಂದೇ ಮಾತು ಬರೋದು," ಅಂದೆ.

ಆಕೆ ನಗು ತಡೆಯಲಾಗದೆ ನನ್ನ ಹೆಗಲು ಕಚ್ಚಿ ಹಿಡಿದಿದ್ದಳು. ಉಸಿರು ಸಿಕ್ಕ ಮೇಲೆ ಕಿವಿಯಲ್ಲಿ ಅಂದಳು:

"ಭಾವಾರಿಗೆ ಬೈಬ್ಯಾಡಕ್ಕಾ. ಮುಂಜಾನಿಂದ ಈ ಮನ್ಯಾಗ ಖರೇ ಮಾತಾಡಿದವ್ರು ಅವ್ರೊಬ್ರೇ."