ಹೆಬ್ಬಾಗಿಲ ಕಲ್ಲಿನೊಳಗೆ ಬಿಡಾರ ಹೂಡಿರುವ ಉಪ್ಪಿನವರಿಗೆ

ಮಾನ್ಯರೇ,

ಊರ ಹಳೆಯ ಹೆಬ್ಬಾಗಿಲ ಎಡಗೋಡೆಯಲ್ಲಿ ಸಪರಿವಾರ ಸುಖವಾಗಿರುವ ತಮಗೆ, ಅದರ ಹಿಂದಿನ ಸ್ಮಾರಕ ಸಂರಕ್ಷಣೆಯ ಪ್ರಯೋಗಾಲಯದಲ್ಲಿ ತಮ್ಮ ಗುಣಗಾನವನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ವಿಶ್ಲೇಷಕಿಯ ಅನಂತ ವಂದನೆಗಳು. ದಿನವಿಡೀ ತಮ್ಮನ್ನು ಪುಡಿಯಾಗಿ, ದ್ರಾವಣವಾಗಿ, ಸೂಕ್ಷ್ಮದರ್ಶಕದ ಕೆಳಗೆ ಹರಳಾಗಿ ನೋಡುವ ನಾನು ಮನೆಯ ಅಡುಗೆಗೆ ತಮ್ಮನ್ನು ಹಾಕುವುದನ್ನೇ ಮರೆಯುತ್ತೇನೆಂದು ಯಜಮಾನರು ನೆಂಟರೆದುರು ಆಡಿಕೊಳ್ಳುತ್ತಾರೆ. ಆ ಬಗ್ಗೆ ನನ್ನ ತಕರಾರೇನೂ ಇಲ್ಲ.

ತಕರಾರಿರುವುದು ಡೋಲಿನವಳ ವಿಷಯದಲ್ಲಿ. ಬಾಗಿಲ ಗೋಡೆಯಲ್ಲಿ ಕೆತ್ತಿರುವ ರಾಜರಾಣಿಯರೆಲ್ಲ ತುಟಿ ಬಿಗಿದು ನಿಂತಿರುವಾಗ, ಡೋಲು ಬಾರಿಸುವ ಈ ಹೆಂಗಸೊಬ್ಬಳೇ ಸೊಟ್ಟ ಹಲ್ಲು ಕಾಣುವಂತೆ ಬಾಯ್ತುಂಬ ನಗುತ್ತಾಳೆ. ಅವಳೆದುರು ಕೂತು ಬುತ್ತಿ ಬಿಚ್ಚುವುದು ನನ್ನ ಎಷ್ಟೋ ವರ್ಷಗಳ ಅಭ್ಯಾಸ. ತಾವು ಠಿಕಾಣಿ ಹೂಡಿರುವುದು ಅವಳ ಮುಖದಲ್ಲೇ.

ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ನೆಲದ ತೇವದ ಬೆನ್ನೇರಿ ಗೋಡೆ ಹತ್ತುತ್ತೀರಿ, ಬಿಸಿಲಿಗೆ ತೇವ ಆರಿದೊಡನೆ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಹರಳಾಗಿ ಉಬ್ಬಿ ಕಲ್ಲಿನ ಕಣಗಳನ್ನು ಒಂದೊಂದಾಗಿ ಆಚೆ ತಳ್ಳುತ್ತೀರಿ, ಗಾಳಿ ಥಂಡಿಯಾದರೆ ಏನೂ ಅರಿಯದವರಂತೆ ಮತ್ತೆ ಕರಗಿ ಒಳಸೇರುತ್ತೀರಿ. ರಜೆ ಕೇಳದೆ, ಬಡ್ತಿ ಬೇಡದೆ ಇಷ್ಟು ನಿಷ್ಠೆಯಿಂದ ದುಡಿಯುವವರು ನಮ್ಮ ಇಲಾಖೆಯಲ್ಲಿ ತಮ್ಮ ಹೊರತು ಇನ್ನಾರೂ ಇಲ್ಲ.

ತಮ್ಮನ್ನು ಮರ್ಯಾದೆಯಿಂದ ಹೊರಗೆ ಕರೆಯಲೆಂದೇ ನಾನು ಕಾಗದದ ತಿರುಳನ್ನು ಶುದ್ಧ ನೀರಲ್ಲಿ ಕಲಸಿ ಅವಳ ಕೆನ್ನೆಗೆ ಪಟ್ಟು ಹಾಕಿದ್ದೆ. ಪಟ್ಟು ಒಣಗಿದಂತೆಲ್ಲ ತಾವೂ ನಿಧಾನವಾಗಿ ಕಲ್ಲು ಬಿಟ್ಟು ಕಾಗದಕ್ಕೆ ಬರುತ್ತಿದ್ದಿರಿ. ಅಷ್ಟರಲ್ಲಿ ಗಣ್ಯರ ಭೇಟಿ ಗೊತ್ತಾಯಿತು. ಫೋಟೋದಲ್ಲಿ ಗೋಡೆಗೆ ಬ್ಯಾಂಡೇಜು ಕಟ್ಟಿದಂತೆ ಕಾಣುತ್ತದೆಂದು ನಮ್ಮ ನಿರ್ದೇಶಕರು, ನಾನು ಉಪ್ಪಿನ ಕುರಿತ ವಿಚಾರ ಸಂಕಿರಣಕ್ಕೆ ಹೋಗಿದ್ದ ದಿನವೇ ಪಟ್ಟನ್ನು ಕೆರೆಸಿ, ಟ್ಯಾಂಕರಿನ ಪೈಪು ಹಿಡಿಸಿ ಗೋಡೆಯನ್ನು ತೊಳೆಸಿದರು. ಓಡಿಬಂದು ಕೇಳಿದ ನನಗೆ, "ಬೆಳ್ಳಗೆ ಧೂಳು ಕೂತ್ರೆ ತೊಳೀತಾರಮ್ಮ, ಅದಕ್ಕೂ ಲ್ಯಾಬ್ ಬೇಕಾ?" ಎಂದರು.

ಗೋಡೆ ಫಳಫಳ ಹೊಳೆಯಿತು, ಫೋಟೋ ಚೆನ್ನಾಗಿ ಬಂತು. ತಾವು ಹೊಟ್ಟೆ ತುಂಬ ನೀರು ಕುಡಿದು, ಕರಗಿ, ಇನ್ನಷ್ಟು ಆಳಕ್ಕಿಳಿದಿರಿ. ಬಿಸಿಲು ಬಿದ್ದ ಮೇಲೆ ಮತ್ತೆ ಹೊರಬರುವಾಗ ಅವಳ ಎಡಗೆನ್ನೆಯನ್ನೂ ಜೊತೆಗೆ ಕರೆತಂದಿರಿ. ಅದನ್ನು ಕುಂಚದಿಂದ ಗುಡಿಸಿ ಡಬ್ಬಿಗೆ ತುಂಬಿ, ಮೇಲೆ 'ಮಾದರಿ' ಎಂದು ಬರೆಯುವಾಗ ನನಗೆ ಅಳು ತಡೆಯಲಾಗಲಿಲ್ಲ. ಈಗ ಉಳಿದಿರುವುದು ಆ ನಗು ಮಾತ್ರ. ಹೊಳಪು ಕಂಡು ಹಿಗ್ಗಿದ ನಿರ್ದೇಶಕರು ಇನ್ನು ತಿಂಗಳಿಗೊಮ್ಮೆ ತೊಳೆಸುವುದೆಂದು ತೀರ್ಮಾನಿಸಿ, ಈಗಾಗಲೇ ಮತ್ತೊಂದು ಸಲ ತೊಳೆಸಿಯೂ ಆಗಿದೆ.

ಆದ್ದರಿಂದ ನನ್ನ ವಿನಮ್ರ ಕೋರಿಕೆ: ಪೈಪು ಕಂಡೊಡನೆ ತಾವು ಬಾಯಿ ಮುಚ್ಚಿಕೊಂಡು ಒಂದು ಹನಿಯೂ ಕುಡಿಯದೆ ಕೂರಬೇಕು. ಅದು ತಮ್ಮ ಸ್ವಭಾವಕ್ಕೆ ಒಗ್ಗದಿದ್ದರೆ, ಸಕುಟುಂಬ ಪಕ್ಕಕ್ಕೆ ಸರಿಯಬೇಕು. ಬಾಗಿಲ ಬಲಕ್ಕೆ ನಿರ್ದೇಶಕರು ತಮ್ಮದೇ ಹೆಸರು ಕೆತ್ತಿಸಿ, ಹಸಿ ಸಿಮೆಂಟಿನಲ್ಲಿ ಕೂರಿಸಿರುವ ಹೊಚ್ಚಹೊಸ ಫಲಕವಿದೆ. ಮೆತ್ತನೆಯ ಕಲ್ಲು, ಬೆನ್ನಿಗೆ ಒದ್ದೆ, ಎದುರಿಗೆ ಮಧ್ಯಾಹ್ನದ ಬಿಸಿಲು, ತಿಂಗಳಿಗೊಮ್ಮೆ ಸ್ನಾನ. ತಮಗೆಂದೇ ಹೇಳಿ ಮಾಡಿಸಿದ ಜಾಗ. ಮನೆ ಬದಲಿಸುವಾಗ ಸಾಮಾನು ಸಾಗಿಸಲು ಕಾಗದದ ತಿರುಳನ್ನು ನಾನೇ ಒದಗಿಸುತ್ತೇನೆ.

ತಮ್ಮ ವಿಶ್ವಾಸಿ,
ಕಾವಲುಗಾರರ ಬಾಯಲ್ಲಿ 'ಉಪ್ಪಿನಕ್ಕ'

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲೇ ತಾವು ಫಲಕಕ್ಕೆ ದಯಮಾಡಿಸಿದ ಸುದ್ದಿ ಬಂತು. ನಿರ್ದೇಶಕರ ಹೆಸರಿನ ಮೊದಲ ಅಕ್ಷರ ಇಂದು ಬೆಳಗ್ಗೆ ಉದುರಿದೆ. ಬೆವರೊರೆಸಿಕೊಳ್ಳುತ್ತಾ ಲ್ಯಾಬಿಗೆ ಬಂದು ಕಾರಣ ಕೇಳಿದರು, ನೀರು ಎಂದೆ. ಮಧ್ಯಾಹ್ನದ ಹೊತ್ತಿಗೆ, ಹೆಬ್ಬಾಗಿಲ ಯಾವ ಕಲ್ಲಿಗೂ ಯಾರೂ ಒಂದು ಹನಿ ನೀರು ಸೋಕಿಸಕೂಡದೆಂದು ಅವರ ಆದೇಶ ಹೊರಟಿತು. ಒಂದು ಕೆನ್ನೆ ಹೋದಾಗ ತಲೆಗೆ ಹತ್ತದ ರಸಾಯನಶಾಸ್ತ್ರ ಒಂದು ಅಕ್ಷರ ಹೋದೊಡನೆ ಹತ್ತಿತು. ಮುಂದೆ ಯಾವ ಸ್ಮಾರಕಕ್ಕೆ ಪಾದ ಬೆಳೆಸಿದರೂ, ದಯವಿಟ್ಟು ಹೆಸರು ಕೆತ್ತಿಸಿದ ಕಲ್ಲಿನಿಂದಲೇ ಶುರು ಮಾಡಿ.