ಹತ್ತಿಲ್ಲ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಕನ್ನಡಕದಂಗಡಿಯವನ ಕಾರಿನ ಎರಡೂ ಹೆಡ್‌ಲೈಟ್ ಹತ್ತುತ್ತಿಲ್ಲ ಎಂದು ಎದುರುಮನೆಯ ನಿವೃತ್ತ ಲೈನ್‌ಮನ್ ತೀರ್ಪು ಕೊಟ್ಟರು.

ಐದಕ್ಕೆ ವಾಹನ ತಪಾಸಣೆ ಕಚೇರಿ ಮುಚ್ಚುತ್ತದೆ. ಕಾರಿನ ಫಿಟ್‌ನೆಸ್ ಪತ್ರಕ್ಕೆ ಅದೇ ಕೊನೆಯ ದಿನ. ಮೊಣಕಾಲಿನ ಆಪರೇಷನ್ ಆದ ಅತ್ತೆಯನ್ನು ಮರುದಿನ ಆಸ್ಪತ್ರೆಯಿಂದ ಅದೇ ಕಾರಿನಲ್ಲಿ ಕರೆತರುವುದಾಗಿ ಅವನು ಹೆಂಡತಿಗೆ ಮಾತು ಕೊಟ್ಟಿದ್ದ.

"ಇಳೀಬೇಡಿ," ಎಂದರು ಲೈನ್‌ಮನ್. "ಸ್ವಿಚ್ ಹತ್ರ ಇರೋನು ಸ್ವಿಚ್ ಬಿಡಬಾರದು. ನೋಡಿ ಹೇಳೋನೇ ಬೇರೆ. ಮಿಕ್ಕೋರೆಲ್ಲ ಹಿಂದೆ. ಮೂವತ್ತೆರಡು ವರ್ಷ ಕಂಬ ಹತ್ತಿ ಬದುಕಿರೋದು ಹೀಗೇ."

ಅವನು ಸೀಟಿಗೆ ಅಂಟಿಕೊಂಡ. ಲೈನ್‌ಮನ್ ಫ್ಯೂಸ್ ಬದಲಿಸಿ, ಬಿಸಿಲಿನಲ್ಲಿ ಕಾರಿನೆದುರು ನಿಂತರು.

"ಹಾಕಿ."

ಹಾಕಿದ.

"ಹತ್ತಿಲ್ಲ."

ಬಲ್ಬು ಬದಲಾಯಿತು. ಹತ್ತಲಿಲ್ಲ. ಮಹಡಿಯ ಟೀಚರಮ್ಮ, "ಒಳಗೆ ನೀರು ಹೋಗಿರುತ್ತೆ, ಒಣಗಿಸಿ" ಎಂದು ಹೇರ್ ಡ್ರೈಯರನ್ನು ದಾರದಲ್ಲಿ ಕೆಳಗಿಳಿಸಿದರು. ಪಕ್ಕದ ಮನೆಯ ದರ್ಜಿ ಯಾವುದೋ ವೈರಿನ ತುದಿಯನ್ನು ಕತ್ತರಿಯಿಂದ ಕೆರೆದ. ಪ್ರತಿ ಸಲ 'ಹಾಕಿ' ಅನ್ನುವ ಮೊದಲು ಲೈನ್‌ಮನ್ ಎಲ್ಲರನ್ನೂ ಕಾರಿನ ಹಿಂದಕ್ಕೆ ಅಟ್ಟುತ್ತಿದ್ದರು. ನಾಲ್ಕರ ಹೊತ್ತಿಗೆ ಬಂಪರ್ ಕಳಚಿ ಗೋಡೆಗೆ ಒರಗಿತ್ತು. ಕಾರು ಹಲ್ಲಿನ ಸೆಟ್ಟು ತೆಗೆದಿಟ್ಟ ಮುದುಕನಂತೆ ಕಾಣುತ್ತಿತ್ತು.

"ಹತ್ತಿಲ್ಲ," ಎಂದರು ಲೈನ್‌ಮನ್, ಹದಿನೇಳನೆಯ ಸಲ.

ಆಗಷ್ಟೇ ಕೆಲಸದಿಂದ ಬಂದ ಹೆಂಡತಿ ಗೇಟಿನಲ್ಲೇ ನಿಂತಳು. "ಹಾಡುಹಗಲಲ್ಲಿ ಲೈಟ್ ಯಾಕ್ರೀ ಉರೀತಿದೆ?"

ಎರಡು ಗಂಟೆಯಲ್ಲಿ ಮೊದಲ ಸಲ ಅವನು ಸ್ವಿಚ್ ಬಿಟ್ಟು ಇಳಿದ. ಎರಡೂ ಹೆಡ್‌ಲೈಟ್ ಉರಿಯುತ್ತಿದ್ದವು.

"ನಿಮಗೆ ಕಾಣಿಸ್ತಾ ಇಲ್ವಾ?"

"ಎಲ್ಲ ನೀರೊಳಗೆ ನೋಡಿದ ಹಾಗಿದೆ," ಎಂದರು ಲೈನ್‌ಮನ್. "ಹೊಸ ಕನ್ನಡಕ, ಎಂಟು ದಿನ ಹೀಗೇ, ಒಗ್ಗಿಸ್ಕೊಳ್ಳಿ ಅಂತ ನಿನ್ನೆ ನೀವೇ ಅಂದ್ರಲ್ಲ."

ಅವನು ಅವರ ಮೂಗಿನಿಂದ ಕನ್ನಡಕ ತೆಗೆದ. ಕಡ್ಡಿಯ ಒಳಗೆ ಅವನದೇ ಅಂಗಡಿಯ ಚೀಟಿ: 27. ಲೈನ್‌ಮನ್ ಅವರ ಆರ್ಡರ್ 26. ಕೈಯಲ್ಲಿದ್ದ 27ನ್ನು ಜೇಬಿಗಿಳಿಸಿದ.

"ಈಗ ನನಗೆ ಕಾಣೋದು ಹೇಗೆ?"

"ಸದ್ಯಕ್ಕೆ ನೀವೇನೂ ನೋಡದಿದ್ರೇ ಒಳ್ಳೇದು, ಅಂಕಲ್," ಎಂದಳು ಹೆಂಡತಿ.

ಬಂಪರ್ ಕೂರಿಸಲು ಅರ್ಧ ಗಂಟೆ ಹಿಡಿಯಿತು. ನಾಲ್ಕು ಐವತ್ತಕ್ಕೆ ತಪಾಸಣೆ ಅಧಿಕಾರಿ ಕಾರನ್ನು ಒಂದು ಸುತ್ತು ಬಂದು, ಬ್ರೇಕು, ಟೈರು ಎಲ್ಲಕ್ಕೂ 'ಸರಿ' ಎಂದು ಬರೆದು, ಮುಂದೆ ನಿಂತರು.

"ಹಾಕಿ."

ಹಾಕಿದ.

"ಹತ್ತಿಲ್ಲ."

ಅವನು ಇಳಿದು ಬಂದ. ಲೈಟು ಉರಿಯುತ್ತಿತ್ತು. "ಸರಿಯಾಗಿ ನೋಡಿ ಸಾರ್."

"ನೋಡ್ತಾನೇ ಇದೀನಪ್ಪ. ಮನೆಯವಳು ನಿನ್ನೆ ತಂದುಕೊಟ್ಟ ಹೊಸ ಕನ್ನಡಕ. ಎಂಟು ದಿನ ಒಗ್ಗಿಸ್ಕೋಬೇಕಂತೆ."

ಅವನು ಅದನ್ನು ತೆಗೆಸಿ ನೋಡಿದ. ಕಡ್ಡಿಯ ಒಳಗೆ 26 ಎಂದಿತ್ತು. ಜೇಬಿನ 27ನ್ನು ಮುಂದೆ ಹಿಡಿದ. ಅಧಿಕಾರಿ ಹಾಕಿಕೊಂಡರು. ಕಣ್ಣರಳಿತು.

"ಅಬ್ಬಾ, ಕೂದಲೆಳೆ ಕೂಡ ಕಾಣುತ್ತಲ್ರೀ. ಎರಡೂ ಲೈಟ್ ಚೆನ್ನಾಗಿ ಉರೀತಿವೆ."

ಸಹಿ ಹಾಕಲು ಬಾನೆಟ್ ಮೇಲೆ ಕಾಗದವಿಟ್ಟು ಬಾಗಿದವರು ಹಾಗೇ ಕೆಳಗೆ ನೋಡಿದರು.

"ಇದೇನ್ರೀ ಟೈರು, ನಮ್ಮ ಸಾಹೇಬರ ತಲೆ ಇದ್ದ ಹಾಗಿದೆ?"

ಟೈರಿನ ಮುಂದಿದ್ದ 'ಸರಿ'ಯನ್ನು ಹೊಡೆದುಹಾಕಿದರು. ಲೈಟು ಪಾಸಾಯಿತು, ಕಾರು ಫೇಲಾಯಿತು.

ಮರುದಿನ ಅತ್ತೆ ಬಾಡಿಗೆ ಕಾರಿನಲ್ಲಿ ಮನೆಗೆ ಬಂದರು. ಕಾಲು ಚಾಚಲು ಅವರಿಗೆ ಹಿಂದಿನ ಸೀಟು ಪೂರ್ತಿ ಬೇಕಿತ್ತು. ಮಗಳು ಮುಂದೆ ಕೂತಳು. ಅಳಿಯ ಬಸ್ಸಿನಲ್ಲಿ ಬಂದ.